ಕೈಯಿಂದ ಹಾಕಿದ ಕಾಲಂ

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದೆ, ಬೀಜದಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕರಬಸಪ್ಪನ ಪುಟ್ಟ ಸಾಫ್ಟ್‌ವೇರ್ ಆಫೀಸು. ಅಲ್ಲಿ ಹದಿನಾಲ್ಕು ವರ್ಷ ರುದ್ರಮುನಿಯದೇ ದರಬಾರು. ಬ್ಯಾಡಗಿಯ ಮೆಣಸಿನಕಾಯಿ ದಲಾಲರು ಪೇಟೆಗೆ ಬಂದ ಪ್ರತಿ ರೈತನ ಮಾಲನ್ನು ಒಂದೊಂದು ಲಾಟು ಎಂದು ದಾಖಲಿಸುವ ವೆಬ್‌ಸೈಟು ಅವನ ಕೈಯಿಂದಲೇ ಹುಟ್ಟಿದ್ದು. ರೈತನ ಹೆಸರು, ಚೀಲ, ಕಾಯಿ ಕಡ್ಡಿ ತಳಿಯದೋ ಡಬ್ಬಿ ತಳಿಯದೋ, ಯಾವ ಟೇಬಲ್ಲಿನಲ್ಲಿ ಯಾವ ಕಾಲಂ ಎಂಬುದೆಲ್ಲ ಅವನಿಗೆ ಬಾಯಿಪಾಠ. ಯಾರಾದರೂ ಫೋನ್ ಮಾಡಿ ಹೊಸದೇನಾದರೂ ಕೇಳಿದರೆ, ಚಹಾ ಆರುವುದರೊಳಗೆ ಚಾಲೂ ಇರುವ ಡೇಟಾಬೇಸಿಗೇ ಕೈಹಾಕಿ ಕಾಲಂ ಸೇರಿಸಿಬಿಡುತ್ತಿದ್ದ. ಎಲ್ಲೂ ಬರೆದಿಡುತ್ತಿರಲಿಲ್ಲ. ಬರೆದಿಟ್ಟರೆ ಆಮೇಲೆ ಅವನನ್ನು ಕೇಳುವವರು ಯಾರು?

ಹೋದ ವರ್ಷ ಹಾವೇರಿಯಿಂದ ತಸ್ಲೀಮ್ ಕೆಲಸಕ್ಕೆ ಬಂದಳು. ಮೂರೇ ತಿಂಗಳಲ್ಲಿ ಇಡೀ ವೆಬ್‌ಸೈಟನ್ನು ಹೊಸ ಫ್ರೇಮ್‌ವರ್ಕಿಗೆ ಸಾಗಿಸಿದಳು. ಇನ್ನು ಮೇಲೆ ಟೇಬಲ್ ಬದಲಿಸಬೇಕೆಂದರೆ ಮೊದಲು ಮೈಗ್ರೇಶನ್ ಎಂಬ ಸಣ್ಣ ಫೈಲು ಬರೆಯಬೇಕು, ಅದಕ್ಕೊಂದು ನಂಬರು ಬೀಳಬೇಕು, ಆ ನಂಬರಿನ ಸಾಲಿನಲ್ಲೇ ಬದಲಾವಣೆಗಳು ನಡೆಯಬೇಕು. ಬೇಡವೆನಿಸಿದರೆ ಹಿಂದಕ್ಕೂ ಬರಬಹುದು. ಕರಬಸಪ್ಪ ಕಂಡಕಂಡವರ ಮುಂದೆ ಅವಳನ್ನು ಹೊಗಳಿದ. ರುದ್ರಮುನಿಗೆ ಹೊಟ್ಟೆ ಉರಿಯಿತು. ಅವಳು ಬಸ್ಸಿಳಿದು ಬಂದು ಮೆಟ್ಟಿಲು ಹತ್ತುವ ಸಪ್ಪಳಕ್ಕೂ ಉರಿಯಿತು. ಯುಗಾದಿಯಿಂದ ಬ್ಯಾಡಗಿಯ ಕೆಲಸದ ಪೂರ್ತಿ ಜವಾಬ್ದಾರಿ ಇಬ್ಬರಲ್ಲಿ ಒಬ್ಬರಿಗೇ ಎಂದು ಕರಬಸಪ್ಪ ಹೇಳಿದ ಮೇಲಂತೂ ಊಟವೇ ಸೇರದಾಯಿತು.

ಆಗ ಖರೀದಿದಾರರು, ಕಾಯಿಯ ತೇವಾಂಶವನ್ನೂ ಲಾಟಿನ ಜೊತೆ ತೋರಿಸಿರಿ ಎಂದರು. ತಸ್ಲೀಮ್ ಎರಡು ಫೈಲು ಬರೆದಳು: ಇಪ್ಪತ್ಮೂರನೆಯದು ತೇವಾಂಶಕ್ಕೆ, ಇಪ್ಪತ್ನಾಲ್ಕನೆಯದು ಅದನ್ನು ಅಳೆದವರ ಹೆಸರಿಗೆ. ಸೋಮವಾರ ಪೇಟೆ ಶುರುವಾಗುವ ಮುಂಚೆ ಓಡಿಸುವುದೆಂದು ಠರಾವಾಯಿತು. ಶನಿವಾರ ಮಧ್ಯಾಹ್ನ ದಲಾಲನೊಬ್ಬ ಫೋನಿನಲ್ಲಿ, “ಮೊದಲ ನೀವ ಎಷ್ಟ ಲಗೂ ಮಾಡಿಕೊಡ್ತಿದ್ರಿ, ರುದ್ರಮುನಿಯವರ!” ಎಂದ. ಅಷ್ಟೇ ಸಾಕಾಯಿತು. ನಮ್ಮ ಮಹಾಶಯ ಹಳೇ ಚಾಳಿಯಂತೆ ತೇವಾಂಶದ ಕಾಲಂ ಕೈಯಿಂದಲೇ ಹಾಕಿ ಮುಗಿಸಿದ. ಸೋಮವಾರ ಎಲ್ಲರೆದುರು ಅದನ್ನು ತೋರಿಸಿ ಮೆರೆಯಬೇಕೆಂಬ ಆಸೆ.

ಸೋಮವಾರ ಅವನು ಬಾಯಿ ತೆರೆಯುವ ಮೊದಲೇ ತಸ್ಲೀಮ್ ಫೈಲು ಓಡಿಸಿದ್ದಳು. ಈ ಕಾಲಂ ಆಗಲೇ ಇದೆ ಎಂದು ಇಪ್ಪತ್ಮೂರು ನಿಂತುಬಿಟ್ಟಿತು. ಅದು ನಿಂತದ್ದಕ್ಕೆ ಇಪ್ಪತ್ನಾಲ್ಕು ಹೊರಡಲೇ ಇಲ್ಲ. ಅಳೆದವರ ಹೆಸರಿನ ಕಾಲಂ ಸಿಗದೆ ವೆಬ್‌ಸೈಟಿನಲ್ಲಿ ಲಾಟು ದಾಖಲಿಸುವ ಪುಟವೇ ಕೆಟ್ಟು ನಿಂತಿತು. ಬ್ಯಾಡಗಿಯಲ್ಲಿ ಚೀಲಗಳು ಸಾಲುಗಟ್ಟಿವೆ, ಲಾಟು ನಂಬರು ಬೀಳುತ್ತಿಲ್ಲ, ಇಲ್ಲಿ ಆಫೀಸಿನ ಮೂರೂ ಫೋನು ಒಂದೇ ಸಮ ಬಡಕೊಳ್ಳುತ್ತಿವೆ.

“ಸರ, ಟೇಬಲ್‌ನ್ಯಾಗ ಕೈಲೆ ಏನರ ಬದಲ ಮಾಡೀರೇನ್ರಿ?” ತಸ್ಲೀಮ್ ಕೇಳಿದಳು.

ರುದ್ರಮುನಿ ಕೀಬೋರ್ಡಿನ ಧೂಳು ಒರೆಸುತ್ತ, “ನಾನ್ಯಾಕ ಮಾಡ್ಲವಾ?” ಎಂದುಬಿಟ್ಟ.

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ಇಪ್ಪತ್ಮೂರು ಆಗಿಹೋಗಿದೆ ಎಂದು ಗುರುತು ಹಾಕಿ ಮುಂದಿನದನ್ನು ಓಡಿಸಿದಳು. ಹತ್ತು ನಿಮಿಷದಲ್ಲಿ ಲಾಟು ಬೀಳತೊಡಗಿದವು. ಅಷ್ಟರಲ್ಲಿ ಕರಬಸಪ್ಪ ಕೆಂಡವಾಗಿ ಒಳಗೆ ಬಂದ. “ಯಾರದಿದು ತಪ್ಪು?”

“ನಂದರೀ ಸರ. ಓಡಿಸೂಕಿಂತ ಮೊದಲ ನಾ ನೋಡಬೇಕಿತ್ತು,” ಎಂದಳು ತಸ್ಲೀಮ್.

ಇನ್ನೇನು ಬೈಗುಳ ಬಿತ್ತು ಎಂದು ರುದ್ರಮುನಿ ಒಳಗೊಳಗೇ ಹಿಗ್ಗಿದ. ಕರಬಸಪ್ಪ ಮಾತ್ರ ಮೆತ್ತಗಾದ. “ನೋಡ್ರಿ ರುದ್ರಮುನಿ, ಹಿಂಗ ತಪ್ಪು ಒಪ್ಪಿಕೊಳ್ಳೂ ಮಂದಿ ಎಷ್ಟ ಅದಾರ? ಯುಗಾದಿತನಕ ಯಾಕ, ಬ್ಯಾಡಗಿ ಕೆಲಸ ಇವತ್ತಿನಿಂದ ಈಕಿದ.”

ರುದ್ರಮುನಿಗೆ ತಡೆಯಲಾಗಲಿಲ್ಲ. ತಪ್ಪು ತನ್ನದು, ಅದರ ಮರ್ಯಾದೆಯೂ ಅವಳಿಗೇ! ಪಶ್ಚಾತ್ತಾಪವೆಂದು ತಿಳಿಯಬೇಡಿ, ಅಪ್ಪಟ ಹೊಟ್ಟೆಕಿಚ್ಚು. “ತಪ್ಪು ಆಕಿದಲ್ರೀ! ಆ ಕಾಲಂ ಹಾಕಿದಾಂವ ನಾನು! ಶನಿವಾರ, ಈ ಕೈಲೇ ಹಾಕೇನಿ!” ಎಂದು ಕೂಗಿಬಿಟ್ಟ.

ತಸ್ಲೀಮ್ ಕುರ್ಚಿಯನ್ನೂ ತಿರುಗಿಸದೆ, “ಗೊತ್ತೈತ್ರಿ ಸರ. ಡೇಟಾಬೇಸಿನ ಪಾಸ್‌ವರ್ಡ್ ಇರೂದ ನಿಮ್ಮ ಕಡೆ, ನನ್ನ ಕಡೆ ಅಷ್ಟ,” ಎಂದಳು.

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ರುದ್ರಮುನಿ ತನ್ನ ತಪ್ಪು ಒಪ್ಪಿಕೊಂಡಿದ್ದ. ಅದನ್ನೂ ಅವಳು ಅವನಿಗಿಂತ ಮೊದಲೇ ಒಪ್ಪಿಕೊಂಡಾಗಿತ್ತು.