ಎಂಟನೆಯ ದಿನದ ಪಿಚ್ಚರ

ಕೊಗನೊಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ನನ್ನ ಅತ್ತೆ ಚನ್ನವ್ವನನ್ನು ಹೊಗಳುತ್ತಾರೆ. ಗಂಡ ಸತ್ತ ಮೇಲೆ ಒಬ್ಬಳೇ ನಿಂತು ಹೊಲ ಉಳಿಸಿದಳು, ನಿಪ್ಪಾಣಿಯಿಂದ ಬರುವ ತಂಬಾಕಿನ ವ್ಯಾಪಾರಿಗಳ ಬಾಯಿ ಮುಚ್ಚಿಸಿದಳು, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಲಿಲ್ಲ ಎನ್ನುತ್ತಾರೆ. ಎಲ್ಲ ನಿಜವೇ. ಹೊಗಳುವವರಿಗೇನು ಹೋಗುತ್ತದೆ? ಅವಳ ಕೈಕೆಳಗೆ ಹನ್ನೊಂದು ವರ್ಷ ಬಾಳಿದವಳು ನಾನು. ನನ್ನನ್ನು ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಅವಳೆದುರು ಉದ್ದಕ್ಕೂ ‘ರಿ’ ಹಚ್ಚಿಯೇ ಮಾತಾಡಿದ್ದೇನೆ, ಇಲ್ಲಿ ಹಚ್ಚುವುದಿಲ್ಲ.

ನನ್ನ ಹೆಸರು ಕಸ್ತೂರೆವ್ವ. ತವರು ರಾಯಬಾಗದ ಕಡೆಯ ಅಲಖನೂರ. ೧೯೮೭ರಲ್ಲಿ ನನ್ನನ್ನು ಚನ್ನವ್ವನ ಮಗ ಬಾಪುಸಾಹೇಬನಿಗೆ ಎರಡನೆಯ ಸಂಬಂಧಕ್ಕೆ ಕೊಟ್ಟರು. ಅವನ ಮೊದಲ ಹೆಂಡತಿ ಸುಂದ್ರವ್ವ ಹಿಂದಿನ ವರ್ಷ ತೀರಿಕೊಂಡಿದ್ದಳು. ನಮ್ಮ ಕಡೆ ಹೀಗೆ ಎರಡನೆಯವಳಾಗಿ ಬಂದವಳು ಸತ್ತ ಸವತಿಯ ಗುರುತಿನ ಪದಕವನ್ನು ಕೊರಳಲ್ಲಿ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಸತ್ತವಳು ಕಾಡುತ್ತಾಳೆ ಎನ್ನುತ್ತಾರೆ. ತಾಳಿ ಕಟ್ಟಿ ಅರ್ಧ ಗಂಟೆ ಆಗಿರಲಿಲ್ಲ, ಅತ್ತೆ ಉಗುರಿನಷ್ಟು ಅಗಲದ ಬಂಗಾರದ ಪದಕವೊಂದನ್ನು ನನ್ನ ಕೊರಳಿಗೆ ಕಟ್ಟಿ, ಸಾಯುವ ತನಕ ಇದನ್ನು ತೆಗೆಯಕೂಡದು ಎಂದಳು. ಅಂದಿನಿಂದ ದಿನಾ ಬೆಳಿಗ್ಗೆ ಅವಳ ಕಣ್ಣು ನನ್ನ ಮುಖಕ್ಕಿಂತ ಮೊದಲು ಆ ಪದಕದ ಮೇಲೆ ಬೀಳುತ್ತಿತ್ತು.

ಸುಂದ್ರವ್ವ ಹೇಗೆ ಸತ್ತಳು ಎಂದರೆ ಗಾಳಿ ಬಡಿದು ಸತ್ತಳು ಎನ್ನುವುದು ಅತ್ತೆಯ ಮಾತು. ಊರೂ ಅದನ್ನೇ ಹೇಳುತ್ತಿತ್ತು. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಲಕ್ಕವ್ವ ಮಾತ್ರ ಒಂದು ಮಧ್ಯಾಹ್ನ ಕಳೆ ಕೀಳುತ್ತ ನನಗೆ ನಿಜ ಹೇಳಿದಳು. ಸುಂದ್ರವ್ವನಿಗೆ ಬಂದದ್ದು ಬರೇ ಜ್ವರ. ಅತ್ತೆ ಅದನ್ನು ಗಾಳಿ ಎಂದು ಕರೆದು, ಮಂತ್ರಿಸುವ ದೇವರ್ಷಿಯನ್ನು ಕರೆಸಿ, ಆರು ದಿನ ಬೇವಿನ ಹೊಗೆ ಹಾಕಿಸಿದಳು. ಹೆದ್ದಾರಿ ಹಿಡಿದರೆ ನಿಪ್ಪಾಣಿಯ ದವಾಖಾನೆ ಎಷ್ಟು ದೂರ? ಐದನೆಯ ದಿನ ಸುಂದ್ರವ್ವ ಹಾಸಿಗೆಯಲ್ಲೇ ಕೈ ಮುಗಿದು, ದವಾಖಾನಿಗಿ ಒಯ್ರಿ ಅತ್ತಿ ಎಂದು ಬೇಡಿಕೊಂಡಿದ್ದಳಂತೆ. ಲಕ್ಕವ್ವ ಆಗ ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದಳು. ಏಳನೆಯ ದಿನ ಹೆಣ ಎತ್ತಿದರು.

೧೯೯೦ರಲ್ಲಿ ನಮ್ಮ ಮನೆಗೆ ವಿಡಿಯೋ ಬಂತು. ಗಣಪತಿ ಹಬ್ಬದ ದಿನಗಳಲ್ಲಿ ಓಣಿ ಓಣಿಯ ಮಂಡಳಗಳು ಪಿಚ್ಚರ ಹಾಕುವುದರಿಂದ ನಿಪ್ಪಾಣಿಯ ವಿಡಿಯೋಗಳಿಗೆ ಬಿಡುವೇ ಇರುವುದಿಲ್ಲ. ಗಣಪತಿ ನೀರಿಗೆ ಹೋದ ಮೇಲೆ ಪಿತೃಪಕ್ಷ ಹಿಡಿಯುತ್ತದೆ. ಅಮಾವಾಸ್ಯೆಯ ತನಕ ಹದಿನೈದು ದಿನ ಯಾರ ಮನೆಯಲ್ಲೂ ಒಳ್ಳೆಯ ಕೆಲಸವಿಲ್ಲ, ಹಿರಿಯರಿಗೆ ಎಡೆ ಇಡುವುದಷ್ಟೇ. ವಿಡಿಯೋ ಬಾಡಿಗೆಗೆ ಕೊಡುವ ಭರಮು ಎಂಬವನು, ಮೂಲೆಯಲ್ಲಿ ಧೂಳು ತಿನ್ನುವುದಕ್ಕಿಂತ ನಿಮ್ಮ ಮನೆಯಲ್ಲಿ ಇರಲಿ ಎಂದು ತಂದು ನಮ್ಮ ಟೀವಿಗೆ ಜೋಡಿಸಿದ. ಅತ್ತೆ ಕೇಳಿದ್ದು ಒಂದೇ. ಅಮಾವಾಸ್ಯೆಯ ತನಕ ದಿನಕ್ಕೊಂದು ಪಿಚ್ಚರ ಬೇಕು, ಎಲ್ಲವೂ ದೆವ್ವದವೇ ಆಗಿರಬೇಕು. ಭರಮುಗೆ ಅವನ್ನು ಯಾರಾದರೂ ಕೇಳಿದ್ದೇ ಖುಷಿ. ಹದಿನೈದು ಕ್ಯಾಸೆಟ್ಟು ಚೀಲದಲ್ಲಿ ತುಂಬಿ ಇಟ್ಟು ಹೋದ.

ಸತ್ತವರು ಮನೆಗೆ ಬರುವ ದಿನಗಳಲ್ಲಿ ಇದೇನು ಹುಚ್ಚು ಎಂದು ನಾನು ಗಂಡನನ್ನು ಕೇಳಿದೆ. ಅವನು ಅವ್ವ ಹೇಳಿದಂಗ ಮಾಡು ಎಂದು ಹೊಲಕ್ಕೆ ಹೋದ. ಅವನ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಅದೇ. ಅತ್ತೆಯೇ ಎರಡನೆಯ ದಿನ ಕಾರಣ ಹೇಳಿದಳು. ಸುಂದ್ರಿ ಈ ಮನೆ ಬಿಟ್ಟು ಹೋಗಿಲ್ಲ. ಪಕ್ಷದಲ್ಲಿ ಅವಳ ಕಾಟ ಹೆಚ್ಚು. ದೆವ್ವಗಳು ಎಲ್ಲಿಂದ ಬರುತ್ತವೆ, ಯಾರ ಮೈಮೇಲೆ ಬರುತ್ತವೆ, ಯಾವುದಕ್ಕೆ ಹೆದರುತ್ತವೆ ಎಂಬುದನ್ನು ಪಿಚ್ಚರ ತೆಗೆಯುವವರು ತಿಳಿದವರನ್ನು ಕೇಳದೆ ತೆಗೆಯುತ್ತಾರೆಯೇ? ಇದು ನಾಲ್ಕೂರಿನ ಪಂಚಾಯಿತಿಗೆ ಬುದ್ಧಿ ಹೇಳುತ್ತಿದ್ದ ಹೆಂಗಸಿನ ಮಾತು.

ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗೆ ಕಂಬಳಿ ಕಟ್ಟಿ ಪಿಚ್ಚರ ಹಚ್ಚುತ್ತಿದ್ದಳು. ಅವಳು ಮಂಚದ ಮೇಲೆ, ನಾನು ಎರಡು ವರ್ಷದ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನೆಲದ ಮೇಲೆ. ಮೊದಲ ದಿನ ಬಂದ ಓಣಿಯ ಹೆಂಗಸರು ಮರುದಿನ ಬರಲಿಲ್ಲ. ನನಗೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ, ಯಾಕೆಂದರೆ ಪಿಚ್ಚರಗಳೆಲ್ಲ ಹಿಂದಿಯವು. ಅತ್ತೆಗೆ ಕನ್ನಡ, ಮರಾಠಿ ಎರಡೂ ನೀರು ಕುಡಿದಷ್ಟು ಸುಲಭ. ಹಿಂದಿ ಮಾತ್ರ ಅಲ್ಲೊಂದು ಇಲ್ಲೊಂದು ಶಬ್ದ ತಿಳಿಯುತ್ತಿತ್ತು. ನಾನು ಏಳನೆಯ ಇಯತ್ತೆ ಓದಿ ಹಿಂದಿ ಪರೀಕ್ಷೆ ಕಟ್ಟಿದವಳು. ದೆವ್ವ ಬಾಯಿ ಬಿಟ್ಟಾಗಲೆಲ್ಲ ಅತ್ತೆ ಕಾಲಿನಿಂದ ನನ್ನ ಭುಜ ತಿವಿದು ಏನಂತಾಳಕಿ ಎಂದು ಕೇಳುವಳು, ನಾನು ಕನ್ನಡದಲ್ಲಿ ಹೇಳಬೇಕು.

ಸುಂದ್ರಿ ನನ್ನ ಮೈಮೇಲೆ ಬಂದಿದ್ದಾಳೆಯೇ ಎಂದು, ನೋಡಿದ್ದನ್ನೆಲ್ಲ ಅವಳು ನನ್ನ ಮೇಲೆ ಪರೀಕ್ಷೆ ಮಾಡುತ್ತಿದ್ದಳು. ಮೊದಲ ದಿನದ ದೆವ್ವಕ್ಕೆ ಪಾದ ಹಿಂದುಮುಂದಾಗಿದ್ದವು. ಪಿಚ್ಚರ ಮುಗಿದದ್ದೇ ನನ್ನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ, ಸೀರೆ ಎತ್ತಿಸಿ, ಪಾದ ನೋಡಿದಳು. ಎರಡನೆಯದು ಕನ್ನಡಿಯಲ್ಲಿ ಕಾಣುತ್ತಿರಲಿಲ್ಲ. ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ ನೋಡಿ, ಆಮೇಲೆ ಕನ್ನಡಿಯನ್ನೇ ತೆಗೆದು ಅಟ್ಟಕ್ಕೆ ಹಾಕಿಸಿದಳು. ಮೂರನೆಯದು ಕೂದಲು ಬಿಟ್ಟುಕೊಂಡು ಹಾಡುತ್ತಿತ್ತು. ತಲೆಗೆ ನೀರು ಹಾಕಿಕೊಂಡ ದಿನವೂ ನಾನು ಹಸಿ ಕೂದಲನ್ನೇ ಗಂಟು ಕಟ್ಟಬೇಕಾಯಿತು. ಆಳುಗಳು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಹದಿನೈದು ದಿನ ತಾನೇ, ಅಮಾವಾಸ್ಯೆ ಕಳೆದರೆ ಈ ಪೀಡೆ ಹೋಗುತ್ತದೆ ಎಂದುಕೊಂಡೆ.

ನಾಲ್ಕನೆಯ ದಿನ ಮಗಳಿಗೆ ಜ್ವರ ಬಂತು.

ಅತ್ತೆ ಕೂಸಿನ ಹಣೆ ಮುಟ್ಟಿ ನೋಡಲಿಲ್ಲ. ದೂರದಿಂದಲೇ, ಸುಂದ್ರಿ ಬಂದಾಳ ಎಂದಳು. ಲಿಂಬೆಹಣ್ಣು ಇಳಿಸಿದಳು, ಹೊಸ್ತಿಲಿಗೆ ಕಬ್ಬಿಣದ ಮೊಳೆ ಹೊಡೆಸಿದಳು, ದೇವರ್ಷಿಗೆ ಹೇಳಿ ಕಳಿಸಿದಳು. ಅವನು ಅಮಾವಾಸ್ಯೆಯ ದಿನವೇ ಬಿಡಿಸಬೇಕು, ಅಲ್ಲಿಯ ತನಕ ಕೂಸನ್ನು ಊರ ಹೊರಗೆ ಒಯ್ಯಬಾರದು ಎಂದು ಹೇಳಿ ಹೋದ. ಅಮಾವಾಸ್ಯೆಗೆ ಇನ್ನೂ ಹನ್ನೊಂದು ದಿನ. ಲಕ್ಕವ್ವ ಬೇಲಿಯಾಚೆಯಿಂದ ನನ್ನನ್ನು ನೋಡಿದಳು.

ಆರನೆಯ ದಿನ ಬೆಳಿಗ್ಗೆ ನಾನು ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಹೆದ್ದಾರಿಗೆ ಹೋಗಿ ನಿಪ್ಪಾಣಿಯ ಬಸ್ಸಿಗೆ ನಿಂತೆ. ಬಸ್ಸು ಬರುವ ಮೊದಲೇ ನಮ್ಮ ಜೀಪು ಬಂತು. ಗಂಡ ಇಳಿಯಲೇ ಇಲ್ಲ, ಗೇರಿನ ಮೇಲೆ ಕೈ ಇಟ್ಟುಕೊಂಡು ಮುಂದೆ ನೋಡುತ್ತ ಕೂತಿದ್ದ. ಅತ್ತೆ ಇಳಿದು ಬಂದು ಕೂಸನ್ನು ನನ್ನ ಸೊಂಟದಿಂದ ಕಿತ್ತುಕೊಂಡಳು. ರಸ್ತೆಯಲ್ಲಿ ನಾಲ್ಕು ಜನರ ಮುಂದೆ, ತಣ್ಣಗಿನ ದನಿಯಲ್ಲಿ ಹೇಳಿದಳು:

“ನಿನಗ ಹೋಗೂದಿದ್ರ ಅಲಖನೂರಿಗಿ ಹೋಗು. ಬಸ್ ಹತ್ತಿದಿ ಅಂದ್ರ ತಿರುಗಿ ಬರಬ್ಯಾಡ. ಕೂಸ ನಮ್ಮದೈತಿ.”

ಕೂಸು ಅವಳ ಹೆಗಲ ಮೇಲೆ ನನ್ನ ಕಡೆ ಕೈ ಚಾಚಿ ಅಳುತ್ತಿತ್ತು. ನಾನು ಜೀಪು ಹತ್ತಿದೆ. ಆ ದಿನ ನನಗೆ ಅವಳನ್ನು ಕೊಲ್ಲುವಷ್ಟು ಸಿಟ್ಟಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ.

ಮನೆಗೆ ಬಂದು ಊಟವಾದ ಮೇಲೆ ಅವಳು ಆರನೆಯ ಪಿಚ್ಚರ ಹಚ್ಚಿಸಿದಳು. ಮರುದಿನ ಏಳನೆಯದು. ಜ್ವರದ ಕೂಸು ತೊಡೆಯ ಮೇಲೆ, ಕಾಲಿನ ತಿವಿತ ಭುಜದ ಮೇಲೆ. ಏಳನೆಯ ದಿನ ಸಂಜೆಗೆ ಕೂಸಿನ ಅಳು ನಿಂತಿತು. ಅಳು ನಿಂತದ್ದು ಒಳ್ಳೆಯದಕ್ಕಲ್ಲ ಎಂದು ನನಗೆ ತಿಳಿಯಿತು. ಉಸಿರಾಡುವಾಗ ಪಕ್ಕೆಲುಬಿನ ಸಂದು ಒಳಗೆ ಹೋಗುತ್ತಿತ್ತು.

ಎಂಟನೆಯ ದಿನ ಮಧ್ಯಾಹ್ನದ ಪಿಚ್ಚರದಲ್ಲಿ ಹಳೆಯ ಬಂಗಲೆ, ಒಬ್ಬ ಮುದುಕ ಜಮೀನುದಾರ, ಬಿಳಿ ಸೀರೆಯ ಹೆಂಗಸು. ನಾನು ಟೀವಿ ನೋಡುತ್ತಿರಲಿಲ್ಲ, ಕೂಸಿನ ಎದೆ ನೋಡುತ್ತಿದ್ದೆ. ಕೊನೆಗೆ ಆ ಹೆಂಗಸು ಮುದುಕನ ಮುಂದೆ ನಿಂತು ಮಾತಾಡತೊಡಗಿದಳು. ಅವಳ ಕೂಸನ್ನು ಬಂಗಲೆಯ ಗೋಡೆಯಲ್ಲಿ ಹೂಳಿದ್ದರಂತೆ, ಅದನ್ನು ಕೊಡು ಎನ್ನುತ್ತಿದ್ದಳು. ಭುಜಕ್ಕೆ ಕಾಲು ತಗುಲಿತು.

“ಏನಂತಾಳಕಿ?”

ನಾನು ಏನನ್ನೂ ಯೋಚಿಸಿ ಇಟ್ಟುಕೊಂಡಿರಲಿಲ್ಲ. ಬಾಯಿಗೆ ತಾನಾಗಿ ಬಂತು. “ಜ್ವರ ಬಂದಾಗ ದವಾಖಾನಿಗಿ ಒಯ್ರಿ ಅತ್ತಿ ಅಂತ ಕೈ ಮುಗದಿದ್ದೆ, ನೀವು ಒಯ್ಯಲಿಲ್ಲ ಅಂತಾಳ್ರಿ. ಈ ಕೂಸನ್ನೂ ಹಂಗ ಕೊಲ್ತೀರೇನು ಅಂತ ಕೇಳಾಕತ್ತಾಳ್ರಿ.”

ಭುಜದ ಮೇಲಿನ ಕಾಲು ಹಿಂದಕ್ಕೆ ಹೋಯಿತು. ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಅತ್ತೆ, ಹಿಂದಕ್ಕ ಓಡಿಸು, ಇನ್ನೊಮ್ಮೆ ಹಚ್ಚು ಎಂದಳು. ಅವಳಿಗೆ ಅಲ್ಪಸ್ವಲ್ಪ ಹಿಂದಿ ಬರುತ್ತಿತ್ತಲ್ಲ, ಈಗ ಸಿಕ್ಕಿಬಿದ್ದೆ ಎಂದುಕೊಂಡೆ. ಕ್ಯಾಸೆಟ್ಟು ಹಿಂದಕ್ಕೆ ಓಡಿಸಿದೆ. ಬಿಳಿ ಸೀರೆಯವಳು ಮತ್ತೆ ಬಂದು ನಿಂತಳು, ಮತ್ತೆ ಅದನ್ನೇ ಹೇಳಿದಳು. ನಾನೂ ಒಂದು ಅಕ್ಷರ ಬದಲಿಸದೆ ಮತ್ತೆ ಅದನ್ನೇ ಹೇಳಿದೆ.

“ಬಚ್ಚಾ ಅಂದಳು,” ಎಂದಳು ಅತ್ತೆ. “ಕೂಸಿನ ಮಾತ ಆಡಾಕತ್ತಾಳ. ನನಗೂ ಕೇಳ್ತು.”

ಎದ್ದು ಹೋಗಿ ಕಿಟಕಿಯ ಕಂಬಳಿಯನ್ನು ಕಿತ್ತಳು. ಬೆಳಕಿನಲ್ಲಿ ಅವಳ ಮುಖ ನೋಡಿದೆ. ಹುಲಿಯ ಹಾಗೆ ತಿರುಗುತ್ತಿದ್ದವಳ ತುಟಿ ಬಿಳುಚಿಕೊಂಡಿತ್ತು. ಅಂಗಳಕ್ಕೆ ಹೋಗಿ ಮಗನನ್ನು ಕರೆದು ಜೀಪು ತೆಗೆ ಎಂದಳು. ದೇವರ್ಷಿ ಹೊರಗೆ ಒಯ್ಯಬೇಡ ಅಂದಿದ್ದಾನೆ ಎಂದು ನನ್ನ ಗಂಡ ಜೀವಮಾನದಲ್ಲಿ ಒಮ್ಮೆ ಅವ್ವನಿಗೆ ಎದುರಾಡಿದ. ಆ ಮಹಾನುಭಾವನಿಗೆ ಎದುರಾಡಲು ಬೇರೆ ದಿನ ಸಿಗಲಿಲ್ಲ. ಅತ್ತೆ ಅವನ ಕೆನ್ನೆಗೆ ಹೊಡೆದಳು. ಅರ್ಧ ಗಂಟೆಯೊಳಗೆ ನಾವು ನಿಪ್ಪಾಣಿಯಲ್ಲಿದ್ದೆವು. ಎದೆಯಲ್ಲಿ ಕಫ ಕಟ್ಟಿದೆ, ನಾಳೆ ತಂದಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಬೈದರು. ಬೈಗುಳವನ್ನು ಅತ್ತೆ ತಲೆ ತಗ್ಗಿಸಿ ಕೇಳಿದಳು.

ಮರುದಿನ ನವಮಿ. ಮುತ್ತೈದೆಯಾಗಿ ಸತ್ತವಳ ಹೆಸರಿನಲ್ಲಿ ಆ ದಿನ ಒಬ್ಬ ಮುತ್ತೈದೆಯನ್ನು ಕೂರಿಸಿ ಉಣ್ಣಿಸಬೇಕು. ನಮ್ಮ ಮನೆಯಲ್ಲಿ ಸುಂದ್ರವ್ವನ ಎಡೆಗೆ ಪ್ರತಿ ವರ್ಷ ಕೂರುತ್ತಿದ್ದವಳು ನಾನೇ. ನಾನು ದವಾಖಾನೆಯಲ್ಲಿದ್ದೆನಲ್ಲ, ಬೇರೆ ಯಾರನ್ನಾದರೂ ಕರೆಯುತ್ತಾಳೆ ಎಂದುಕೊಂಡಿದ್ದೆ. ಮಧ್ಯಾಹ್ನ ಅತ್ತೆ ಹೋಳಿಗೆಯ ಡಬ್ಬಿ, ಹಸಿರು ಸೀರೆ, ಕುಂಕುಮ ಹಿಡಿದು ದವಾಖಾನೆಗೇ ಬಂದಳು. ಪಡಸಾಲೆಯಲ್ಲಿ, ರೋಗಿಗಳ ಮಂದಿಯ ಮುಂದೆ, ಬಾಳೆಯೆಲೆ ಹಾಸಿ ನನಗೆ ಬಡಿಸಿದಳು. ಉಂಡಾದ ಮೇಲೆ ಹೊಟ್ಟೆ ತಣ್ಣಗಾತೇನವಾ ಎಂದು ಕೇಳಬೇಕು, ಕೂತವಳು ತಣ್ಣಗಾತು ಅನ್ನಬೇಕು. ಅವಳು ಕೇಳಿದಳು. ಕೇಳುವಾಗ ನನ್ನ ಮುಖ ನೋಡಲಿಲ್ಲ, ಕೊರಳಿನ ಪದಕ ನೋಡಿದಳು. ನಾನು ಉತ್ತರ ಕೊಡದೆ ಕೈ ತೊಳೆಯಲು ಎದ್ದೆ.

ಉಳಿದ ಕ್ಯಾಸೆಟ್ಟುಗಳನ್ನು ನೋಡದೆಯೇ ಭರಮುಗೆ ವಾಪಸು ಕಳಿಸಿದಳು. ಮಗಳು ಗುಣವಾಗಿ ಮನೆಗೆ ಬಂದಳು. ಆಮೇಲೆ ಅತ್ತೆ ನನ್ನ ಪಾದ ನೋಡಲಿಲ್ಲ, ಕೂಸಿಗೆ ಸೀನು ಬಂದರೂ ದವಾಖಾನಿಗಿ ಒಯ್ರಿ ಎಂದು ತಾನೇ ಹೇಳತೊಡಗಿದಳು. ಮುದುಕಿ ಬದಲಾದಳು ಎಂದು ಊರು ಮತ್ತೆ ಹೊಗಳಿತು. ಬದಲಾದದ್ದೇನು ಮಣ್ಣು? ಅವಳು ಹೆದರಿದ್ದಳು. ಟೀವಿಯ ಮೇಲೆ ಬಟ್ಟೆ ಹೊದಿಸಿದ್ದಳು, ವಾರ್ತೆಗೂ ತೆಗೆಯಗೊಡುತ್ತಿರಲಿಲ್ಲ. ಎಂಟು ವರ್ಷ ಆ ಹೆದರಿಕೆಯಲ್ಲೇ ಬಾಳಿದಳು. ನಾನು ನೋಡುತ್ತ ಇದ್ದೆ. ನನಗೆ ಕನಿಕರ ಬರಲಿಲ್ಲ ಎಂದರೆ ನೀವು ನನ್ನನ್ನು ಕೆಟ್ಟವಳು ಅಂದುಕೊಳ್ಳಬಹುದು, ಅಂದುಕೊಳ್ಳಿ.

೧೯೯೮ರಲ್ಲಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಮಗಳು ನೀರು ಕುಡಿಸಿ ಹೊರಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು.

“ಕಸ್ತೂರಿ, ಖರೆ ಹೇಳು. ಅವತ್ತ ಪಿಚ್ಚರದಾಗ ಅಕಿ ಹಂಗ ಅಂದಿದ್ದಳೇನ? ಇಲ್ಲಾ ಅದನ್ನ ನೀನ ಅಂದ್ಯೋ?”

ಎಂಟು ವರ್ಷ ಆ ಪ್ರಶ್ನೆಯನ್ನು ಎದೆಯಲ್ಲಿ ಇಟ್ಟುಕೊಂಡಿದ್ದಳು. ನಾನೇ ಅಂದೆ ಎಂದಿದ್ದರೆ ಸಾಕಿತ್ತು, ಅವಳ ಎದೆ ಹಗುರಾಗುತ್ತಿತ್ತು. ಅಷ್ಟು ಹೇಳಲು ನನಗೇನು ಕಷ್ಟ? ಬಾಯಿಯ ತನಕ ಬಂತು ಕೂಡ. ಆಗ ಹೆದ್ದಾರಿಯಲ್ಲಿ ನನ್ನ ಕಡೆ ಚಾಚಿದ್ದ ಕೂಸಿನ ಕೈ ನೆನಪಾಯಿತು.

“ಅಕೀನ ಅಂದಿದ್ದಳ್ರಿ, ಅತ್ತಿ.”

ಅವಳು ಗೋಡೆಯ ಕಡೆ ಹೊರಳಿದಳು. ಮೂರು ದಿನ ಬದುಕಿದ್ದಳು, ಮತ್ತೆ ಮಾತಾಡಲಿಲ್ಲ.

ಸಾಯುವವಳಿಗೆ ಸುಳ್ಳು ಹೇಳಿದೆ ಎಂದು ನನಗೆ ಯಾವತ್ತೂ ಅನಿಸಿಲ್ಲ. ಆ ಮಾತು ಸುಂದ್ರವ್ವನದೇ. ಅವಳು ಅದನ್ನು ಅಂದಾಗ ಬಾಗಿಲಲ್ಲಿ ನಿಂತಿದ್ದ ಲಕ್ಕವ್ವ ಕೇಳಿದ್ದಳು. ಹಾಸಿಗೆಯ ಪಕ್ಕದಲ್ಲೇ ಕೂತಿದ್ದ ಚನ್ನವ್ವನೂ ಕೇಳಿದ್ದಳು.