ಕೆಂಪು ಗುರುತಿಲ್ಲದ ಪಟ್ಟಿ

ದಸ್ತಗೀರ ತಪ್ಪು ಪಟ್ಟಿ ಹಿಡಿದದ್ದನ್ನು ನಾನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ — ಒಂದು ಗಳಿಗೆಯಲ್ಲ, ಒಂದು ದಿನವಲ್ಲ, ಪೂರ್ತಿ ಮೂರು ದಿನ. ಮೂರನೆಯ ದಿನ ಅವನೇ ಬಂದು ಕೇಳಿದಾಗ ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆ ನಾನು ಹನ್ನೆರಡು ವರ್ಷ ಮಿಸ್ತ್ರಿಯಾಗಿ ಕುಳಿತೆ. ಅವನು ಖಾನಾಪುರಕ್ಕೆ ಹೋಗಿ ಮಂದಿಯ ಮನೆಗೆ ಬಾಗಿಲು, ಕಿಟಕಿ ಮಾಡಿದ.

ಇಷ್ಟನ್ನು ಬರೆಯುವ ಮೊದಲು ಮೂರು ಹಾಳೆ ಹರಿದು ಹಾಕಿದ್ದೇನೆ. ಪ್ರತಿ ಹಾಳೆಯಲ್ಲೂ ಮೊದಲಿಗೆ ನನ್ನ ಬಡತನ ಬಂತು, ಆಮೇಲೆ ನನ್ನ ಹುಡುಗುಬುದ್ಧಿ ಬಂತು, ಅದರ ಹಿಂದೆಯೇ ತಂದೆಯ ಕೆಮ್ಮೂ ಬಂತು. ಅವೆಲ್ಲ ಖರೇ ಇದ್ದವು. ಆದರೆ ಅವು ಯಾವುವೂ ನನ್ನ ಬಾಯಿಯನ್ನು ಮುಚ್ಚಿ ಹಿಡಿದಿರಲಿಲ್ಲ. ಬಾಯಿ ಮುಚ್ಚಿಕೊಂಡವನು ನಾನೇ.

ನಾನು ಕೆಲಸ ಮಾಡುತ್ತಿದ್ದದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ, ಪ್ಯಾಟರ್ನ್ ಮಾಡುವ ಕಟ್ಟಿಗೆ ಕೆಲಸದ ಕೋಣೆಯಲ್ಲಿ. ಬೀಡಿನಲ್ಲಿ, ಅಂದರೆ ಎರಕದ ಕಬ್ಬಿಣದಲ್ಲಿ, ಯಾವ ಭಾಗ ಬೇಕೋ ಅದನ್ನು ನಾವು ಮೊದಲು ಕಟ್ಟಿಗೆಯಲ್ಲಿ ಮಾಡಿಕೊಡುತ್ತೇವೆ. ಅದನ್ನು ಉಸುಕಿನಲ್ಲಿ ಒತ್ತಿ ತೆಗೆದು, ಉಳಿದ ಪೊಳ್ಳಿಗೆ ಕರಗಿದ ಬೀಡು ಸುರಿಯುತ್ತಾರೆ. ಬೀಡು ಆರುವಾಗ ಕುಗ್ಗುತ್ತದೆ — ಒಂದು ಫೂಟಿಗೆ ಒಂದು ಸೂತ, ಅಂದರೆ ಇಂಚಿನ ಎಂಟನೆಯ ಒಂದು ಪಾಲು. ಹಾಗಾಗಿ ಕಟ್ಟಿಗೆಯದನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಅದಕ್ಕೆಂದೇ ನಮ್ಮಲ್ಲಿ ಬೇರೆ ಅಳತೆಪಟ್ಟಿ ಇರುತ್ತದೆ. ಅದರ ಒಂದು ಫೂಟು ಲೋಕದ ಫೂಟಿಗಿಂತ ಒಂದು ಸೂತ ಉದ್ದ. ನೋಡಲು ಎರಡೂ ಪಟ್ಟಿ ಒಂದೇ ಥರ. ಗೊಂದಲವಾಗದಿರಲೆಂದು ಉದ್ದದ ಪಟ್ಟಿಯ ತುದಿಗೆ ಕೆಂಪು ಬಣ್ಣ ಬಳಿದಿರುತ್ತಿದ್ದರು. ಆ ಕೆಂಪು ಗುರುತನ್ನು ನೋಡದೆ ಗೆರೆ ಎಳೆಯಬಾರದು — ನಮ್ಮ ಕೋಣೆಯ ಮೊದಲ ಪಾಠವೂ ಅದೇ, ಕೊನೆಯ ಪಾಠವೂ ಅದೇ.

ದಸ್ತಗೀರ ಖಾನಾಪುರದ ಬಡಿಗರ ಮನೆತನದವನು, ನನ್ನದೇ ವಯಸ್ಸಿನವನು. ನಾನು ಸೇರಿ ಐದು ವರ್ಷವಾದ ಮೇಲೆ ಅವನು ಬಂದ. ಬಂದ ಆರು ತಿಂಗಳಿಗೆ ನನ್ನನ್ನು ಮೀರಿಸಿದ. ಸಾಗವಾನಿಯ ತುಂಡನ್ನು ಮೂಗಿನ ಹತ್ತಿರ ಹಿಡಿದು, ಇದು ಇನ್ನೂ ಹಸಿ ಐತಿ, ಒಂದು ಮಳೆಗಾಲ ಬಿಡು ಎನ್ನುತ್ತಿದ್ದ. ಕಟ್ಟಿಗೆಯ ಎಳೆಗೆ ಅಡ್ಡವಾಗಿ ರಂದಾ ಹೊಡೆದು ನುಣುಪು ಮಾಡುವಾಗ ಅಂಚು ಸಿಡಿಯದಂತೆ ಹೇಗೆ ಹಿಡಿಯಬೇಕೆಂದು ನನಗೆ ಕಲಿಸಿದ್ದು ಅವನೇ. ಹೊಸಬನು ಹಳಬನಿಗೆ ಕಲಿಸುವುದೇ ಎಂದು ನನ್ನ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು; ಅವನಿಗೆ ಅದು ತಿಳಿಯುತ್ತಲೂ ಇರಲಿಲ್ಲ. ಮಧ್ಯಾಹ್ನ ಅವನ ರೊಟ್ಟಿಗೆ ನಮ್ಮ ಮನೆಯ ಶೇಂಗಾ ಚಟ್ನಿ, ನನ್ನ ರೊಟ್ಟಿಗೆ ಅವನ ಮನೆಯ ಬದನೆಕಾಯಿ ಪಲ್ಯ.

ರಮಜಾನಿಗೆ ಅವನ ಮನೆಯಿಂದ ಒಂದು ಹಿತ್ತಾಳೆಯ ಡಬ್ಬಿಯಲ್ಲಿ ಸುರಕುಂಬಾ, ಹಾಲು-ಶಾವಿಗೆಯ ಪಾಯಸ, ಬರುತ್ತಿತ್ತು. ಖಾಲಿ ಡಬ್ಬಿ ತಿರುಗಿ ಕಳಿಸುವುದು ನಮ್ಮ ಮನೆಯಲ್ಲೂ ಇಲ್ಲ, ಅವರ ಮನೆಯಲ್ಲೂ ಇಲ್ಲ. ನನ್ನ ತಾಯಿ ಅದೇ ಡಬ್ಬಿಗೆ ಹೋಳಿಗೆ ತುಂಬಿ ಕೊಡುತ್ತಿದ್ದಳು. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ.

ನಮ್ಮಿಬ್ಬರಲ್ಲಿ ಇನ್ನೊಂದು ಪದ್ಧತಿ ಇತ್ತು. ಉಸುಕಿಗೆ ಹೋಗುವ ಮೊದಲು ನನ್ನ ಕೆಲಸವನ್ನು ಅವನು, ಅವನ ಕೆಲಸವನ್ನು ನಾನು ಒಮ್ಮೆ ಅಳೆದು ನೋಡುವುದು. ಯಾರೂ ಹೇಳಿಕೊಟ್ಟದ್ದಲ್ಲ, ನಾವೇ ಮಾಡಿಕೊಂಡದ್ದು. ಈ ಪದ್ಧತಿಯಿಂದ ಅವನು ಎರಡು ಸಲ ನನ್ನ ಮಾನ ಉಳಿಸಿದ್ದ. ಎರಡೂ ಸಲ ಯಾರಿಗೂ ಕೇಳಿಸದಂತೆ ಹತ್ತಿರ ಬಂದು, “ಬಸೂ, ಇಲ್ಲಿ ಒಂದ್ ಸೂತ ಕಮ್ಮಿ ಬಿದ್ದೈತಿ ನೋಡಪಾ” ಎಂದಿದ್ದ. ಅಷ್ಟೇ.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ಕಬ್ಬಿನ ಗಾಣಕ್ಕೆ ಹಲ್ಲುಗಾಲಿಯ ಪೆಟ್ಟಿಗೆಗಳು ಬೇಕೆಂದು ದೊಡ್ಡ ಬೇಡಿಕೆ ಬಂತು. ನಮ್ಮ ಕೋಣೆಗೆ ಮೇಲಿನವರಾಗಿದ್ದ ಮುದುಕ ಮಿಸ್ತ್ರಿ ದೀಪಾವಳಿಗೆ ಕೆಲಸ ಬಿಡುವವರಿದ್ದರು. ಫೌಂಡ್ರಿಯ ಒಡೆಯರಾದ ಸಾಹುಕಾರರು ಪೆಟ್ಟಿಗೆಯ ಕೆಲಸವನ್ನು ನನಗೂ ಅದರ ಮೇಲಿನ ದುಂಡು ಮುಚ್ಚಳವನ್ನು ದಸ್ತಗೀರನಿಗೂ ಕೊಟ್ಟು, “ಯಾರ ಕೆಲಸ ಚಲೋ ಆಗತೈತಿ, ಮುಂದ ಅವರ ಮಿಸ್ತ್ರಿ” ಎಂದರು. ನಗುತ್ತಲೇ ಅಂದರು. ನಾನು ನಗಲಿಲ್ಲ. ಯಾರ ಕೆಲಸ ಚೆನ್ನಾಗುತ್ತದೆಂದು ಆ ಕೋಣೆಯ ಗೋಡೆಗೂ ಗೊತ್ತಿತ್ತು.

ಮುಚ್ಚಳಕ್ಕೆ ಗೆರೆ ಎಳೆಯುವ ದಿನ ಬೆಳಿಗ್ಗೆ ದಸ್ತಗೀರ ಸಾಹುಕಾರರ ಮನೆಯ ಕಪಾಟಿನ ಕೆಲಸ ಮುಗಿಸಿ ಬಂದಿದ್ದ. ಆ ಕೆಲಸಕ್ಕೆ ಬಳಸಿದ ಸಾದಾ ಪಟ್ಟಿ ಅವನ ಮೇಜಿನ ಮೇಲೆಯೇ ಇತ್ತು. ಕೈ ಚಾಚಿದ, ಅದನ್ನೇ ಎತ್ತಿಕೊಂಡ. ನಾನು ಎದುರಿನ ಮೇಜಿನಲ್ಲಿದ್ದೆ. ತುದಿಯಲ್ಲಿ ಕೆಂಪು ಇರಲಿಲ್ಲ. ಮಾತು ತುಟಿಯವರೆಗೆ ಬಂತು — ಬಂದು ಅಲ್ಲಿಯೇ ನಿಂತಿತು. ಈಗ ಅವನೇ ನೋಡಿಕೊಳ್ಳುತ್ತಾನೆ ಅಂದುಕೊಂಡೆ. ಆಮೇಲೆ, ನಾನೇನು ಅವನ ಮಿಸ್ತ್ರಿಯೇ ಅಂದುಕೊಂಡೆ. ಅದೂ ಆದ ಮೇಲೆ... ಅದೂ ಆದ ಮೇಲೆ ಏನೂ ಅಂದುಕೊಳ್ಳಲಿಲ್ಲ, ಕೆಲಸ ಮಾಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತಿನಿಂದ ಏನೇನು ಹೋಗುತ್ತದೆಂದು ಯಾವ ಗಾದೆಯೂ ನನಗೆ ಹೇಳಿರಲಿಲ್ಲ.

ಮೂರು ದಿನ ಆ ಮುಚ್ಚಳ ನನ್ನ ಕಣ್ಣೆದುರು ಬೆಳೆಯಿತು. ದಿನಾ ಬೆಳಿಗ್ಗೆ ಖಾಸಬಾಗದ ನಮ್ಮ ಮನೆಯಲ್ಲಿ ಹಣೆ ತುಂಬ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಅಕ್ಕಪಕ್ಕದ ಮಗ್ಗಗಳ ಸದ್ದು ಕೇಳುತ್ತ ಹೊರಡುತ್ತಿದ್ದೆ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ. ಮೂರನೆಯ ದಿನ ಸಂಜೆ ದಸ್ತಗೀರ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮೇಜಿಗೆ ತಂದ.

“ಬಸೂ, ಒಮ್ಮೆ ಅಳದು ನೋಡಪಾ. ಬರೋಬ್ಬರಿ ಐತೇನು?”

ನನ್ನ ಕೆಂಪು ಗುರುತಿನ ಪಟ್ಟಿ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ನಾನು ಅದನ್ನು ಮುಟ್ಟಲಿಲ್ಲ. ಮುಚ್ಚಳದ ಮೇಲೆ ಅಂಗೈ ಆಡಿಸಿ ಹೇಳಿದೆ: “ಬೆಣ್ಣಿ ಆಗೇತಿ ಬಿಡೋ. ಅಳಿಯೂದೇನೈತಿ, ನಿನ್ನ ಕೈ ನನಗ ಗೊತ್ತಿಲ್ಲೇನು?”

ಅವನ ಮುಖ ಅರಳಿದ್ದು ಇವತ್ತಿಗೂ ಕಣ್ಣ ಮುಂದಿದೆ. ನಾನು ಅವನನ್ನು ಹೊಗಳಿದ್ದು ಅದೇ ಮೊದಲು.

ಮುದುಕ ಮಿಸ್ತ್ರಿ ಆ ವಾರ ಮಗಳ ಮದುವೆಗೆಂದು ರಜೆಯಲ್ಲಿದ್ದರು. ಕಬ್ಬಿನ ಹಂಗಾಮು ಹತ್ತಿರ ಬಂದಿದ್ದರಿಂದ ಒಂದನ್ನು ಸುರಿದು ನೋಡುವಷ್ಟು ವ್ಯವಧಾನವೂ ಯಾರಿಗೂ ಇರಲಿಲ್ಲ. ಇಡೀ ಬೇಡಿಕೆಯ ಮುಚ್ಚಳಗಳನ್ನು ಒಟ್ಟಿಗೆ ಸುರಿದರು. ಅವು ಆರಿದ ಮೇಲೆ ಎಲ್ಲರ ಎದುರಿಗೆ ಮೊದಲ ಮುಚ್ಚಳವನ್ನು ಪೆಟ್ಟಿಗೆಯ ಮೇಲಿಟ್ಟರು. ಕೂರಲಿಲ್ಲ. ಎರಡು ಫೂಟಿನ ಅಗಲಕ್ಕೆ ಎರಡು ಸೂತ ಕಡಿಮೆ. ಒಂದು ತೂತಿಗೂ ಇನ್ನೊಂದು ತೂತು ಸೇರಲಿಲ್ಲ. ಇನ್ನೊಂದನ್ನು ಇಟ್ಟರು. ಮತ್ತೊಂದನ್ನು ಇಟ್ಟರು. ದಸ್ತಗೀರ ತನ್ನ ಮೇಜಿಗೆ ಓಡಿ ಹೋಗಿ ಪಟ್ಟಿಯನ್ನು ತಿರುಗಿಸಿ ನೋಡಿದ, ಅಲ್ಲಿಯೇ ಕುಕ್ಕರಿಸಿದ.

“ಉಸುಕಿಗೆ ಹಾಕೂಕಿಂತ ಮೊದಲ ಯಾರಿಗರ ತೋರಿಸಿದ್ಯೋ ಇಲ್ಲೋ?” ಎಂದು ಸಾಹುಕಾರರು ಗುಡುಗಿದರು.

ಅವನು ನನ್ನ ಕಡೆ ಒಂದು ಸಲ ನೋಡಿದ. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಗಿರಬೇಕು.

“ಇಲ್ರೀ ಸಾಹುಕಾರ್ರ. ಯಾರಿಗೂ ತೋರಿಸಿಲ್ರೀ. ತಪ್ಪು ನಂದ ಐತ್ರೀ.”

ಅವನೂ ಒಂದು ಸುಳ್ಳು ಹೇಳಿದ — ನನ್ನನ್ನು ಉಳಿಸಲಿಕ್ಕೆ. ನನ್ನ ಕಣ್ಣೂ ಅವನ ಹಾಗೆಯೇ ತಪ್ಪಿದೆ, ಇಬ್ಬರ ಅನ್ನ ಯಾಕೆ ಹೋಗಬೇಕು ಎಂಬುದು ಅವನ ಲೆಕ್ಕ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಅವನನ್ನು ಯಾರೂ ಹೋಗು ಎನ್ನಲಿಲ್ಲ. ಆದರೆ ಉಸುಕಿನ ಕೋಣೆಯವರು, ಲೇಥಿನವರು, ಚಹಾದವನು ಎಲ್ಲರೂ ಅವನನ್ನು “ಮುಚ್ಚಳ” ಎಂದು ಕರೆಯತೊಡಗಿದರು. ಒಂದು ತಿಂಗಳು ಸಹಿಸಿದ. ಹೋಗುವ ದಿನ ತನ್ನ ಕೆಂಪು ಗುರುತಿನ ಪಟ್ಟಿಯನ್ನು ನನ್ನ ಕೈಗಿಟ್ಟು, “ಊರಾಗ ನನಗೇನ ಮಾಡೂದೈತಿ ಇದು? ಬಾಗಲಾ ಏನ ಕುಗ್ಗತಾವು? ಮಿಸ್ತ್ರಿ ಆಗಾಂವ ನೀ, ನೀನ ಇಟ್ಕೋ” ಎಂದ. ತಮಾಷೆಯ ಮಾತು ಅದು. ನಾನು ನಕ್ಕೆ ಕೂಡ.

ಮಿಸ್ತ್ರಿಯಾದೆ. ಆದವನು ಆ ವರ್ಷಗಳಲ್ಲಿ ಎಂಥ ಮಿಸ್ತ್ರಿ ಎಂದು ನನ್ನ ಕೈಕೆಳಗಿನವರನ್ನು ಕೇಳಬೇಕು. ಬೆಕ್ಕಿನಂತೆ ಹಿಂದಿನಿಂದ ಬಂದು ತಪ್ಪು ಹಿಡಿದು ಅಬ್ಬರಿಸುತ್ತಿದ್ದೆ. ಯಾರಿಗೂ ಯಾರ ಕೆಲಸವನ್ನೂ ನೋಡಲು ಬಿಡುತ್ತಿರಲಿಲ್ಲ. ಕೆಲಸ ಗೊತ್ತಿಲ್ಲದ ಕಡೆ ಮಾತ್ರ ಬಾಲ ಮುದುರಿಕೊಂಡು ಖಾನಾಪುರದ ಬಸ್ಸು ಹತ್ತುತ್ತಿದ್ದೆ. ದಸ್ತಗೀರ ಒಮ್ಮೆಯೂ ಇಲ್ಲ ಎನ್ನಲಿಲ್ಲ. ಒಂದು ಪಂಪಿನ ಒಳಗಿನ ಸುರುಳಿ ನನಗೆ ಹತ್ತು ದಿನ ಬಗೆಹರಿಯದಿದ್ದಾಗ, ಭಾನುವಾರ ಪ್ಯಾಸೆಂಜರ್ ಗಾಡಿ ಹಿಡಿದು ಅವನೇ ಬಂದು, ಖಾಸಬಾಗದ ನಮ್ಮ ಮನೆಯ ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ಬಿಡಿಸಿಕೊಟ್ಟ. ಹೆಸರು ನನಗೆ ಬಂತು. ಡಬ್ಬಿ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಲೇ ಇತ್ತು. ಅದು ಬಂದಾಗಲೆಲ್ಲ ನಾನು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಒಬ್ಬನೇ ಮುಚ್ಚಳ ತೆಗೆಯುತ್ತಿದ್ದೆ; ಹೆಂಡತಿ, ಸುರಕುಂಬಾ ಅಂದರೆ ಇವರಿಗೆ ಅಷ್ಟು ಪ್ರೀತಿ ಅಂದುಕೊಂಡಿದ್ದಳು.

ಹನ್ನೆರಡನೆಯ ವರ್ಷ ನನ್ನ ಕೈಯೇ ತಪ್ಪಿತು. ಯಾವುದೋ ಗಡಿಬಿಡಿಯಲ್ಲಿ ಸಾದಾ ಪಟ್ಟಿ ಎತ್ತಿಕೊಂಡು ಗೆರೆ ಎಳೆಯಲು ಬಗ್ಗಿದ್ದೆ. ಪರಶುರಾಮ ಎಂಬ ನನ್ನ ಕೈಕೆಳಗಿನ ಕೆಲಸಗಾರ, ನಾನು ಹಿಂದಿನ ದಿನವಷ್ಟೇ ಎಲ್ಲರೆದುರು ಬೈದಿದ್ದವನು, ತನ್ನ ಮೇಜಿನಿಂದಲೇ ಮರಾಠಿಯಲ್ಲಿ ಕೂಗಿದ: “ಮಿಸ್ತ್ರಿ, ಪಟ್ಟಿ ಬಘಾ!”

ಪಟ್ಟಿ ನೋಡಿ — ಅಷ್ಟೇ. ಒಂದು ಉಸಿರು. ಹೇಳಿ ಅವನು ತನ್ನ ಕೆಲಸಕ್ಕೆ ತಿರುಗಿದ, ಉಪಕಾರವಾಯಿತು ಎಂಬ ನನ್ನ ಮಾತಿಗೂ ಕಾಯಲಿಲ್ಲ. ನಾನು ಪಟ್ಟಿಯನ್ನು ಕೆಳಗಿಟ್ಟೆ. ಇಷ್ಟು ಸುಲಭವಿತ್ತೇ? ಬೈಸಿಕೊಂಡವನೂ ಒಂದು ಉಸಿರಿನಲ್ಲಿ ಹೇಳಬಹುದಾದದ್ದನ್ನು ನಾನು ಮೂರು ದಿನ ಹೇಳದೆ, ಹನ್ನೆರಡು ವರ್ಷ ಹೊತ್ತು... ಪರಶುರಾಮನಿಗೆ ನಾನು ಆ ದಿನದಿಂದ ಋಣಿ. ಅವನಿಗೆ ಯಾಕೆಂದು ಇನ್ನೂ ಗೊತ್ತಿಲ್ಲ.

ಮರುದಿನವೇ ರಜೆ ಹಾಕಿ ಖಾನಾಪುರಕ್ಕೆ ಹೋದೆ. ದಸ್ತಗೀರ ಅಂಗಳದಲ್ಲಿ ಹಲಸಿ ಎಂಬ ಊರಿನ ಯಾರದೋ ಹೊಸ ಮನೆಗೆ ತಲೆಬಾಗಿಲು ಮಾಡುತ್ತಿದ್ದ. ಕುಂದರು ಎಂದ. ಕುಳಿತರೆ ಹೇಳಲಾರೆನೆಂದು ನಿಂತೇ ಹೇಳಿದೆ. ಪಟ್ಟಿ ನೋಡಿದ್ದು, ಮೂರು ದಿನ, ಅಂಗೈ ಆಡಿಸಿದ್ದು. ಯಾವುದನ್ನೂ ಬಿಡಲಿಲ್ಲ.

ಅವನ ಕೈಯಲ್ಲಿ ಉಳಿ ಇತ್ತು. ಅದನ್ನು ನಿಧಾನವಾಗಿ ಕೆಳಗಿಟ್ಟ.

“ಬಸೂನ ಕಣ್ಣಿಗೂ ಬೀಳಲಿಲ್ಲ ಅಂದ್ರ ನಂದೇನ ಮಹಾ ಅಂತ ಸಮಾಧಾನ ಮಾಡ್ಕೊಂಡಿದ್ನಿ ನಾ,” ಎಂದ. “ಹನ್ನೆರಡ ವರ್ಷ ಅದ ಒಂದ ಮಾತಿನ ಮ್ಯಾಲ ತಲಿ ಎತ್ತಿ ಅಡ್ಡಾಡೇನಿ. ಅದನ್ನೂ ಒಯ್ದಿಯಲ್ಲೋ.”

ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಬೈಯುತ್ತಾನೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾನೆ ಅಂದುಕೊಂಡಿದ್ದೆ. ಅವನಿಂದ ಕೆಲಸ ಕಸಿದದ್ದು ಗೊತ್ತಿತ್ತು. ಉಳಿದಿದ್ದ ಒಂದು ಸಮಾಧಾನವನ್ನೂ ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ ಕಸಿದೆ. ಅವನ ಹೆಂಡತಿ ಚಹಾ ತಂದಿಟ್ಟಳು. ಅವನು ಕುಡಿಯಲಿಲ್ಲ, ನಾನೂ ಕುಡಿಯಲಿಲ್ಲ. ಅವನ ಪಟ್ಟಿಯನ್ನು ಅವನ ಮುಂದಿಟ್ಟು ಬಂದೆ.

ಫೌಂಡ್ರಿಯಲ್ಲಿ ಎಲ್ಲರನ್ನೂ ಕರೆದು ಮುಚ್ಚಳದ ಕಥೆಯನ್ನು ಇದ್ದಂತೆ ಹೇಳಿದೆ. ಮುದುಕರಾಗಿದ್ದ ಸಾಹುಕಾರರ ಮನೆಗೆ ಹೋಗಿಯೂ ಹೇಳಿದೆ. ನಗುವವರು ನಕ್ಕರು, ಈಗ ನನಗೆ “ಬೆಣ್ಣಿ ಮಿಸ್ತ್ರಿ” ಎಂದು ಹೆಸರು. ಇರಲಿ. ನಮ್ಮ ಕೋಣೆಯಲ್ಲಿ ಈಗ ಇನ್ನೊಬ್ಬರು ಅಳೆಯದೆ ಯಾವುದೂ ಉಸುಕಿಗೆ ಹೋಗುವುದಿಲ್ಲ. ನನ್ನ ಕೆಲಸವನ್ನು ಪರಶುರಾಮ ಅಳೆಯುತ್ತಾನೆ. ಇದು ದಸ್ತಗೀರ ಹಾಕಿದ ಪದ್ಧತಿ ಎಂದು ಹೊಸಬರಿಗೆ ಹೆಸರು ಹಿಡಿದು ಹೇಳುತ್ತೇನೆ. ನನಗೆ ಗೊತ್ತಿರುವ ಕೆಲಸದಲ್ಲಿ ಅರ್ಧ ಅವನು ಕೊಟ್ಟದ್ದು. ಮನುಷ್ಯತ್ವ ಅಂತ ಏನಾದರೂ ಇದ್ದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು.

ಮುಂದಿನ ರಮಜಾನಿಗೆ ಡಬ್ಬಿ ಬರಲಿಲ್ಲ. ನಾಗರ ಪಂಚಮಿಗೆ ನಾನೇ ನಮ್ಮ ಮನೆಯ ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ತುಂಬಿಕೊಂಡು ಹೋದೆ. ಅವನು ಮನೆಯಲ್ಲಿರಲಿಲ್ಲ — ಇದ್ದೂ ಇರಲಿಲ್ಲವೋ ಏನೋ. ಹೆಂಡತಿಯ ಕೈಗೆ ಕೊಟ್ಟು ತಿರುಗಿ ಬಂದೆ.

ಎರಡು ತಿಂಗಳಾದ ಮೇಲೆ, ಖಾನಾಪುರದಿಂದ ದಿನಾ ಬರುವ ಹಾಲಿನವನು ಆ ಡಬ್ಬಿಯನ್ನು ನಮ್ಮ ಮನೆಯ ಕಟ್ಟೆಯ ಮೇಲಿಟ್ಟು ಹೋದ. ಎತ್ತಿದರೆ ಹಗುರ. ಖಾಲಿ ಇದೆ ಅಂದುಕೊಂಡು, ಬಹಳ ಹೊತ್ತು ತೆಗೆಯಲಿಲ್ಲ. ಕೊನೆಗೆ ಹೆಂಡತಿ ತೆಗೆದು ನನ್ನ ಮುಂದೆ ಹಿಡಿದಳು.

ತಳದಲ್ಲಿ ಒಂದು ಹಿಡಿ ಸಕ್ಕರೆ ಇತ್ತು.

ಅದು ಕ್ಷಮೆ ಎಂದು ನಾನು ತಿಳಿದಿಲ್ಲ, ಹಾಗೆ ಕೇಳಲೂ ಹೋಗುವುದಿಲ್ಲ. ಡಬ್ಬಿ ತೊಳೆದಿಟ್ಟಿದ್ದೇನೆ. ಬರುವ ಪಂಚಮಿಗೆ ಮತ್ತೆ ತೆಗೆದುಕೊಂಡು ಹೋಗುತ್ತೇನೆ.