ಗೊತ್ತಿಲ್ಲ ಎಂದ ಪಾಲಕ

ನನ್ನ ತಂಗಿಯ ಗಂಡ ಮರ್ಯೋಟೊ ಚರ್ಚಿನ ಸಭಾಪಾಲಕನಾಗುತ್ತಾನೆ ಎಂದು ಯಾರೂ ಎಣಿಸಿರಲಿಲ್ಲ. ಅವನಪ್ಪ ಉಪ್ಪಿನ ಮಡಿಯಲ್ಲಿ ಕೂಲಿ. ಇವನು ಜೆಪಾರಾದ ಮರಗೆತ್ತನೆ ಅಂಗಡಿಯಲ್ಲಿ ಕುರ್ಚಿಯ ಕಾಲಿಗೆ ಉಪ್ಪುಕಾಗದ ಉಜ್ಜುತ್ತಿದ್ದ ಹುಡುಗ. ಹಾಡಲು ಬಾರದು, ದೊಡ್ಡ ದನಿಯಲ್ಲಿ ಬೋಧಿಸಲು ಬಾರದು. ಆದರೆ ಯಾರದಾದರೂ ಮನೆಯಲ್ಲಿ ಕಾಯಿಲೆ ಎಂದರೆ ಸಾಕು, ಕರೆಯದಿದ್ದರೂ ಹೋಗಿ ಹಾಸಿಗೆಯ ಪಕ್ಕ ಕೂತುಬಿಡುತ್ತಿದ್ದ. ಕೂತರೆ ಏಳುವ ಆಸಾಮಿಯಲ್ಲ. "ಇವನಿಗೆ ಊಟ ಹಾಕಿದರೇ ಎದ್ದು ಹೋಗೋದು" ಎಂದು ನಮ್ಮಮ್ಮ ನಗುತ್ತಿದ್ದಳು. ಆ ಕೂರುವ ಗುಣ ಕಂಡೇ ಹಿರಿಯರು ಅವನನ್ನು ಪಾತಿ ಪಟ್ಟಣದ ದೇವಶಾಸ್ತ್ರದ ಪಾಠಶಾಲೆಗೆ ಕಳಿಸಿದರು. ಓದಿ ಬಂದವನಿಗೆ ನಮ್ಮ ಊರಿನ ಸಭೆಯನ್ನೇ ಕೊಟ್ಟರು, ನನ್ನ ತಂಗಿ ಲೆಸ್ತಾರಿಯನ್ನೂ ಕೊಟ್ಟರು.

ನಮ್ಮದು ತಂಬಾಕ್‌ಲೊರ್. ಮುರಿಯಾ ಬೆಟ್ಟಕ್ಕೆ ಬೆನ್ನು ಹಾಕಿ ಕಡಲ ಕಡೆ ಇಳಿದರೆ ಸಿಗುವ ಕೊನೆಯ ಊರು. ನಾನು ಸಂತೆಯಲ್ಲಿ ಉಪ್ಪುಹಾಕಿ ಬೇಯಿಸಿದ ಮೀನು ಮಾರುವವಳು. ಮೀನು ಕೆಟ್ಟಿದೆಯೋ ಇಲ್ಲವೋ ಕಿವಿರು ನೋಡಿಯೇ ಹೇಳಬಲ್ಲೆ. ಮನುಷ್ಯರಿಗೂ ದೇವರು ಕಿವಿರು ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಈಗಲೂ ಅನಿಸುತ್ತದೆ.

ಪಾಲಕನ ಕೆಲಸ ಒಂಟಿ ಕೆಲಸ. ಊರಿನವರೆಲ್ಲ ತಮ್ಮ ಹೊರೆಯನ್ನು ಅವನ ತಲೆಗೆ ಹೊರಿಸುತ್ತಾರೆ, ಅವನ ಹೊರೆ ಇಳಿಸಿಕೊಳ್ಳುವವರು ಯಾರೂ ಇಲ್ಲ. ಅದಕ್ಕೇ ಬೆಟ್ಟದ ಸುತ್ತಲಿನ ಐದು ಸಭೆಗಳ ಪಾಲಕರು ಸೇರಿ ತಿಂಗಳಿಗೊಂದು ಸೋಮವಾರ ಕೂಟ ಮಾಡಲು ಶುರುಮಾಡಿದರು. ಸರದಿಯ ಮೇಲೆ ಒಬ್ಬೊಬ್ಬರ ಮನೆ. ಬೆಳಿಗ್ಗೆ ಏನಾದರೂ ಓದಿ ಕಲಿಯುವುದು. ಊಟವಾದ ಮೇಲೆ ಒಬ್ಬ ಪಾಲಕ ತನ್ನ ಸೇವೆಯಲ್ಲಿ ನಡೆದ ಒಂದು ಸಂಗತಿಯನ್ನು ನಡೆದ ಹಾಗೇ ಹೇಳಬೇಕು. ಅವರು ಏನಂದರು, ನಾನೇನಂದೆ, ಎಲ್ಲಿ ನಾಲಿಗೆ ತಡವರಿಸಿತು, ಎಲ್ಲವನ್ನೂ. ಉಳಿದ ನಾಲ್ವರು ಬುದ್ಧಿ ಹೇಳುವಂತಿಲ್ಲ, ಬೈಬಲಿನ ವಾಕ್ಯ ಉದುರಿಸುವಂತಿಲ್ಲ. ಪ್ರಶ್ನೆ ಕೇಳಬಹುದು, ಅಷ್ಟೆ. ಬುದ್ಧಿ ಹೇಳದೆ ಕೂರುವ ನಾಲ್ಕು ಜನ ಪಾಲಕರನ್ನು ನೋಡುವುದೇ ಒಂದು ತಮಾಷೆ. ಒಬ್ಬೊಬ್ಬರಿಗೂ ಹೊಟ್ಟೆ ಉಬ್ಬರಿಸಿದ ಹಾಗೆ ಆಗುತ್ತಿತ್ತು.

ಮೊದಲ ಕೂಟ ನಮ್ಮ ತಂಗಿಯ ಮನೆಯಲ್ಲೇ ನಡೆಯಿತು. ನಾನು ಬಾಳೆಹಣ್ಣಿನ ಬಜ್ಜಿ ಕರಿಯಲು ಹೋಗಿದ್ದೆ. ಕೂಟ ನಡೆಸುವುದನ್ನು ಕಲಿಸಿಕೊಡಲು ಪಟ್ಟಣದಿಂದ ಒಬ್ಬ ಮೇಷ್ಟ್ರು ಬಂದಿದ್ದರು. "ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು, ಎಲ್ಲರೂ ಹಾಗಂತ ಬರೆದು ಸಹಿ ಹಾಕಿ" ಎಂದರು. ಐವರೂ ಮುಖ ಮುಖ ನೋಡಿಕೊಂಡರು. ನಾವು ಮೆನ್ನೊನೈಟ್ ಕ್ರೈಸ್ತರು ಆಣೆ ಇಡುವ ಜನವಲ್ಲ. ನಮ್ಮಲ್ಲಿ ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ಅದರ ಮೇಲೆ ಒಂದು ಮಾತು ಹೆಚ್ಚು ಸೇರಿಸಿದರೆ ಮೊದಲ ಮಾತು ಸುಳ್ಳಾಯಿತು ಎಂದು ಅರ್ಥ.

"ಸಹಿ ಎಲ್ಲ ಯಾಕೆ ಸಾರ್? ಹೂಂ ಅಂದ್ರೆ ಸಾಲದಾ?" ಎಂದವನು ನಮ್ಮ ಮರ್ಯೋಟೊನೇ.

"ನನ್ನ ತಮ್ಮ ಸರಿಯಾಗಿ ಹೇಳ್ದ. ನಂದು ಹೂಂ" ಎಂದು ಮೊದಲು ತಲೆ ಆಡಿಸಿದವರು ಪಾಕ್ ಗಿರಿ.

ನಮ್ಮಲ್ಲಿ ಮರ್ಯಾದೆಗೆ ಗಂಡಸರನ್ನು ಪಾಕ್ ಎನ್ನುತ್ತೇವೆ, ಹೆಂಗಸರನ್ನು ಬು. ಪಾಕ್ ಗಿರಿ ಬೆಟ್ಟದ ತಪ್ಪಲಿನ ಪೇಟೆಯ ಸಭೆಯ ಪಾಲಕರು. ಪಾಠಶಾಲೆಯಲ್ಲಿ ಮರ್ಯೋಟೊನಿಗೆ ಹಿರಿಯ ಸಹಪಾಠಿ, ಒಂದೇ ಕೋಣೆ, ಒಂದೇ ಅನ್ನದ ತಟ್ಟೆ. ಇವನು ಅವರನ್ನು ಮಾಸ್ ಎನ್ನುತ್ತಿದ್ದ, ಅಂದರೆ ಅಣ್ಣ. ಅವರು ಇವನನ್ನು ದಿಕ್ ಎಂದು, ತಮ್ಮ ಎಂದು ಕರೆಯುತ್ತಿದ್ದರು. ಇವನ ಮದುವೆ ಮಾಡಿಸಿದವರೂ ಅವರೇ. ನೋಡಲು ಲಕ್ಷಣವಾದ ಮನುಷ್ಯ, ದನಿಯಂತೂ ಜೇನು. ಅವರು ಕಣ್ಣು ಮುಚ್ಚಿ ಪ್ರಾರ್ಥಿಸಿದರೆ ಕಲ್ಲೂ ಮೂಗು ಸೀಟಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಸಭೆಯ ರುಕ್ಮಿ ಅಜ್ಜಿ ಮಲಗಿಬಿಟ್ಟರು. ಅವರ ಮಗ ಪಾಕ್ ಜುಮಾದಿ ನಮ್ಮ ಸಭೆಯ ಮುಖ್ಯ ಹಿರಿಯ. ಮರದ ವ್ಯಾಪಾರಿ, ನಮ್ಮ ದೇವಾಲಯದ ಬೆಂಚುಗಳೆಲ್ಲ ಅವನು ಕೊಟ್ಟಿದ್ದು. ವ್ಯಾಪಾರದ ಮೇಲೆ ಊರೂರು ಸುತ್ತುವವನಿಗೆ ತಾಯಿಯ ಹತ್ತಿರ ಕೂರಲು ಪುರಸೊತ್ತಿಲ್ಲ. ಕೂತವನು ಮರ್ಯೋಟೊ. ಒಂದು ಮಧ್ಯಾಹ್ನ ಮನೆಯಲ್ಲಿ ಇವರಿಬ್ಬರೇ ಇದ್ದಾಗ ಅಜ್ಜಿ ಕಣ್ಣು ತೆರೆದು ಕೇಳಿದರಂತೆ: "ಪಾಸ್ಟರೇ, ನಿಜ ಹೇಳಿ. ಆ ಕಡೆ ಯಾರಾದ್ರೂ ಇದ್ದಾರಾ?"

ಬೇರೆ ಯಾವ ಪಾಲಕನಾದರೂ ಥಟ್ಟನೆ ಇದ್ದಾರೆ ಎನ್ನುತ್ತಿದ್ದ. ಇವನ ಅಮ್ಮ ತೀರಿಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ, ಇವನೊಳಗೇ ಆ ಪ್ರಶ್ನೆ ಕುದಿಯುತ್ತಿತ್ತು. ಸಾಯುವವಳ ಮುಂದೆ ಸುಳ್ಳಾಡಲು ನಾಲಿಗೆ ಏಳಲಿಲ್ಲ. "ಗೊತ್ತಿಲ್ಲ ಅಜ್ಜಿ. ಆದ್ರೆ ಈ ಕಡೆ ನಾನಿದ್ದೀನಿ, ಎಲ್ಲೂ ಹೋಗಲ್ಲ" ಎಂದುಬಿಟ್ಟ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರಂತೆ. "ಒಳ್ಳೇದಾಯ್ತು ಕಣಪ್ಪ. ಇಷ್ಟು ವರ್ಷ ಎಲ್ರೂ ಗೊತ್ತು ಗೊತ್ತು ಅಂತ ಹೇಳಿ ನನ್ನ ಇನ್ನಷ್ಟು ಹೆದರಿಸಿದ್ರು. ನೀನು ಕೂತ್ಕೋ. ನಾನು ಹೋಗಿ ನೋಡ್ತೀನಿ" ಎಂದು ಇವನ ಕೈ ಹಿಡಿದುಕೊಂಡು ನಿದ್ದೆ ಹೋದರು. ಮರುದಿನ ತೀರಿಕೊಂಡರು.

ಮರ್ಯೋಟೊನಿಗೆ ಮಾತ್ರ ನಿದ್ದೆ ಹತ್ತಲಿಲ್ಲ. ತಾನು ಪಾಲಕನಾಗಿರಲು ಯೋಗ್ಯನೋ ಅಲ್ಲವೋ ಎಂದು ಒಳಗೊಳಗೇ ಬೆಂದ. ಹೆಂಡತಿಗೂ ಹೇಳಲಿಲ್ಲ. ಮುಂದಿನ ಸೋಮವಾರದ ಕೂಟದಲ್ಲಿ ತನ್ನ ಸರದಿ ಬಂದಾಗ ಹೇಳಿದ, ಎಲ್ಲವನ್ನೂ, ಅಜ್ಜಿ ನಕ್ಕಿದ್ದನ್ನೂ ಸೇರಿಸಿ. ಹೇಳುತ್ತಾ ಅತ್ತುಬಿಟ್ಟ. ಪಾಕ್ ಗಿರಿ ಎದ್ದು ಬಂದು ಹೆಗಲ ಮೇಲೆ ಕೈ ಇಟ್ಟು, "ಇಷ್ಟು ನಿಜವಾದ ಪಾಲಕನನ್ನ ನಾನು ಕಂಡಿಲ್ಲ ದಿಕ್" ಎಂದರಂತೆ. ಅವತ್ತು ಮನೆಗೆ ಬಂದವನು ಎರಡು ತಟ್ಟೆ ಅನ್ನ ಉಂಡ ಎಂದು ತಂಗಿ ಹೇಳಿದಳು.

ಆಮೇಲೆ ಒಂದು ದಿನ ಸಂತೆಯಲ್ಲಿ ಪೇಟೆಯ ಹೆಂಗಸೊಬ್ಬಳು ಮೀನು ಆರಿಸುತ್ತಾ ನನ್ನ ಕೈ ಒತ್ತಿದಳು. "ನಿಮ್ಮ ಪಾಸ್ಟರಿಗೋಸ್ಕರ ನಾವೆಲ್ಲ ಪ್ರಾರ್ಥನೆ ಮಾಡ್ತಿದ್ದೀವಿ, ಬು. ಪಾಪ, ಹಾಗಾಗಬಾರದಿತ್ತು."

"ಏನಾಗಬಾರದಿತ್ತು?" ಎಂದೆ.

"ಅದೇ, ನಂಬಿಕೆ ಹೋಯ್ತಂತಲ್ಲ. ಸಾಯೋ ಮುದುಕಿಗೆ ಆ ಕಡೆ ದೇವ್ರು ಇಲ್ಲ ಅಂದ್ರಂತಲ್ಲ. ಶುಕ್ರವಾರದ ಪ್ರಾರ್ಥನೆಯಲ್ಲಿ ನಮ್ಮ ಪಾಕ್ ಗಿರಿ ಅಳ್ತಾ ಅಳ್ತಾ ಬೇಡಿಕೊಂಡ್ರು. ಹೆಸರು ಹೇಳಲಿಲ್ಲಪ್ಪ. ಕಡಲ ಕಡೆಯ ಒಬ್ಬ ಸಹೋದರ ಅಂದ್ರು, ಅಷ್ಟೇ."

ಐದು ಸಭೆಗಳಲ್ಲಿ ಕಡಲ ಕಡೆ ಇರುವುದು ನಮ್ಮದೊಂದೇ. ನಾನು ತೂಕದ ಬಟ್ಟನ್ನು ಅವಳ ಕಾಲ ಮೇಲೆ ಬೀಳಿಸದೆ ಇದ್ದದ್ದು ದೇವರ ದಯೆ. ನಮ್ಮ ಜನ ಕತ್ತಿ ಹಿಡಿಯುವುದಿಲ್ಲ, ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ, ಬೈದು ಜಗಳಾಡುವುದೂ ಇಲ್ಲ. ಯಾರನ್ನಾದರೂ ಮುಗಿಸಬೇಕು ಎಂದರೆ ಅವರಿಗಾಗಿ ಪ್ರಾರ್ಥನೆ ಮಾಡುತ್ತೇವೆ. ಹೆಸರು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳುತ್ತೇವೆ.

ನಾನು ಬುಟ್ಟಿ ಅಲ್ಲೇ ಬಿಟ್ಟು ತಂಗಿಯ ಮನೆಗೆ ಹೋದೆ. ಮರ್ಯೋಟೊ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಕೇಳಿ ನಕ್ಕ. "ಅಕ್ಕ, ಆ ಹೆಂಗಸು ಏನೋ ತಪ್ಪಾಗಿ ಕೇಳಿಸ್ಕೊಂಡಿದ್ದಾಳೆ. ಮಾಸ್ ಗಿರಿ ಹಾಗೆ ಮಾಡೋರಲ್ಲ."

"ಬೇಲಿಯೇ ಎದ್ದು ಹೊಲ ಮೇಯ್ತಾ ಇದೆ ಕಣೋ! ನೀನಿನ್ನೂ ಬೇಲಿಗೆ ಕೈ ಮುಗೀತಾ ಕೂತಿದ್ದೀಯ."

ಅಷ್ಟು ಹೊತ್ತಿಗೆ ಸುದ್ದಿ ಪಾಕ್ ಜುಮಾದಿಯ ಕಿವಿಗೂ ಬಿದ್ದಿತ್ತು. ತಾಯಿಯ ಹತ್ತಿರ ಕೂರಲು ಬಿಡುವಿಲ್ಲದವನಿಗೆ ತಾಯಿಯ ಆತ್ಮದ ಮೇಲೆ ಎಲ್ಲಿಲ್ಲದ ಕಾಳಜಿ ಬಂತು. ಭಾನುವಾರ ಆರಾಧನೆ ಮುಗಿದ ಮೇಲೆ ಇಡೀ ಸಭೆ ಕೂರಬೇಕು, ಈ ಪಾಲಕ ಇರಬೇಕೋ ಹೋಗಬೇಕೋ ತೀರ್ಮಾನವಾಗಬೇಕು ಎಂದು ಪಟ್ಟು ಹಿಡಿದ. ಎಲ್ಲ ಸಭೆಗಳನ್ನು ನೋಡಿಕೊಳ್ಳುವ ಮೇಲಿನ ಆಡಳಿತದ ಪರವಾಗಿ ಸಭೆ ನಡೆಸಲು ಯಾರು ಬರುತ್ತಾರೆ ಎಂದರೆ, ಪಾಕ್ ಗಿರಿ.

ಮರ್ಯೋಟೊ ಪೇಟೆಗೆ ಹೋಗಿ ಅವರನ್ನು ಕಂಡ. ಅವರು ಅಲ್ಲಗಳೆಯಲಿಲ್ಲ. "ನಾನು ಹೆಸರು ಎತ್ತಲಿಲ್ಲ ದಿಕ್. ನಿನ್ನ ಮೇಲಿನ ಪ್ರೀತಿಗೆ ಬೇಡ್ಕೊಂಡೆ. ಜನ ಹೀಗೆ ತಿರುಚ್ತಾರೆ ಅಂತ ನನಗೇನು ಗೊತ್ತು?" ಎಂದು ಕಾಫಿ ತರಿಸಿದರು. ಇವನು ಕೇಳಿದ್ದು ಒಂದೇ: "ಆಗಿದ್ದು ಆಯ್ತು ಮಾಸ್. ಅಜ್ಜಿ ನಕ್ಕಿದ್ದು, ನನ್ನ ಕೈ ಹಿಡಿದಿದ್ದು, ಇದನ್ನ ನಾನೀಗ ಹೇಳಿದ್ರೆ ಕೆಲಸ ಉಳಿಸ್ಕೊಳ್ಳೋಕೆ ಕಟ್ಟಿದ ಕಥೆ ಅಂತಾರೆ. ಯಾರೂ ನನ್ನ ಪ್ರಶ್ನೆ ಮಾಡದೆ ಇದ್ದಾಗಲೇ ನಾನು ನಿಮ್ಮ ಮುಂದೆ ಹೇಳಿದ್ದೆ. ಅದನ್ನ ಅಲ್ಲಿ ಹೇಳ್ತೀರಾ?"

"ಹೂಂ, ಹೇಳ್ತೀನಿ" ಎಂದರಂತೆ.

ಇವನು ನೆಮ್ಮದಿಯಾಗಿ ಬಂದ. ಹೂಂ ಎಂದ ಮೇಲೆ ಮುಗಿಯಿತಲ್ಲ.

ಭಾನುವಾರ ದೇವಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ವರ್ಷವಿಡೀ ಬಾರದವರೂ ಬಂದಿದ್ದರು. ಪಾಕ್ ಗಿರಿ ಮುಂದಿನ ಕುರ್ಚಿಯಲ್ಲಿ ಬಿಳಿ ಅಂಗಿ ತೊಟ್ಟು ಕೂತಿದ್ದರು. ಕೂಟದ ಉಳಿದ ಮೂವರು ಪಾಲಕರು ಭಾನುವಾರವಾದ್ದರಿಂದ ತಮ್ಮ ತಮ್ಮ ಸಭೆಗಳಲ್ಲಿದ್ದರು. ಪಾಕ್ ಜುಮಾದಿ ಎದ್ದು ಕೇಳಿದ: "ನನ್ನ ತಾಯಿ ಸಾಯೋವಾಗ ನೀವು ಗೊತ್ತಿಲ್ಲ ಅಂದ್ರಾ, ಇಲ್ವಾ? ಅಷ್ಟು ಹೇಳಿ."

"ಹೌದು, ಅಂದೆ" ಎಂದ ಮರ್ಯೋಟೊ. ಆಮೇಲೆ ಮಿಕ್ಕಿದ್ದನ್ನೂ ಹೇಳಿದ. ಅಜ್ಜಿ ನಕ್ಕರು ಎಂದಾಗ ಹಿಂದಿನ ಬೆಂಚಿನಿಂದ ಯಾರೋ ಲೊಚಗುಟ್ಟಿದರು.

"ಚೆನ್ನಾಗಿದೆ ಕಥೆ. ಸತ್ತವರು ಬಂದು ಸಾಕ್ಷಿ ಹೇಳ್ತಾರಾ?" ಎಂದ ಜುಮಾದಿ.

"ಬೇಡ. ಈ ಮಾತನ್ನ ನಾನು ಆಗಲೇ ನಮ್ಮ ಕೂಟದಲ್ಲಿ ಹೇಳಿದ್ದೆ. ಮಾಸ್ ಗಿರಿ ಕೇಳಿದ್ದಾರೆ." ಇವನು ಅವರ ಕಡೆ ತಿರುಗಿದ. ಇವನ ಮುಖದಲ್ಲಿ ಒಂದು ಚೂರೂ ಭಯವಿರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪಾಕ್ ಗಿರಿ ಕನ್ನಡಕ ತೆಗೆದು ಒರೆಸಿಕೊಂಡರು. ಜುಮಾದಿಯ ಮುಖವನ್ನೊಮ್ಮೆ ನೋಡಿದರು. ಮುಂದಿನ ತಿಂಗಳು ಮೇಲಿನ ಆಡಳಿತಕ್ಕೆ ಹೊಸಬರ ಆಯ್ಕೆ ಇತ್ತು, ಜುಮಾದಿಯ ಮಾತು ಅಲ್ಲಿ ನಡೆಯುತ್ತಿತ್ತು. ಅವರ ಹೊಟ್ಟೆಯೊಳಗೆ ಏನಿತ್ತೋ ನಾನು ಕಂಡವಳಲ್ಲ. ಕಿವಿಯಾರೆ ಕೇಳಿದ್ದು ಇಷ್ಟು: "ಸಹೋದರರೇ, ಕೂಟದಲ್ಲಿ ಕೇಳಿದ್ದನ್ನ ಹೊರಗೆ ಹೇಳಬಾರದು ಅನ್ನೋದು ನಮ್ಮ ನಿಯಮ. ಅದಕ್ಕೆ ನಾನು ಹೂಂ ಅಂದಿದ್ದೀನಿ. ಮಾತು ಮುರಿಯೋಕೆ ನನ್ನ ಕೈಲಿ ಆಗಲ್ಲ. ದಯವಿಟ್ಟು ಕ್ಷಮಿಸಿ."

ನಾನು ಎದ್ದು ನಿಂತೆ. "ಶುಕ್ರವಾರ ಮುರಿಯೋಕೆ ಬಂತಲ್ಲ ಪಾಕ್, ಭಾನುವಾರ ಬರಲ್ವಾ? ಅವನನ್ನ ಕೆಡವೋಕೆ ಬಾಯಿ ಇತ್ತು, ಎತ್ತೋಕೆ ನಿಯಮ ಅಡ್ಡ ಬಂತಾ?"

"ಬು ವೆನಿಂಗ್, ದೇವಾಲಯದಲ್ಲಿ ದನಿ ಎತ್ತಬಾರದು" ಎಂದರು ಹಿರಿಯರೊಬ್ಬರು, ಬಲು ಮೃದುವಾಗಿ. ನಮ್ಮಲ್ಲಿ ಕತ್ತು ಹಿಸುಕುವುದೂ ಮೃದುವಾಗಿಯೇ. ಪಕ್ಕದವರು ನನ್ನ ಸೆರಗು ಹಿಡಿದು ಕೂರಿಸಿದರು.

ನಮ್ಮ ಸಭೆಯಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿಯಿಲ್ಲ. ಬೇಡ ಎನ್ನುವವರು ಮಾತಾಡಬೇಕು, ಸುಮ್ಮನಿದ್ದರೆ ಒಪ್ಪಿದಂತೆ. "ಪಾಲಕರು ಸೇವೆಯಿಂದ ಬಿಡುಗಡೆಯಾಗಲಿ ಅಂತ ಸಭೆಯ ಮನಸ್ಸು, ಅಲ್ವಾ?" ಎಂದು ಪಾಕ್ ಗಿರಿ ಕೇಳಿದರು. ಇವನು ಹಾಸಿಗೆಯ ಪಕ್ಕ ಕೂತು ಕಾದ ಮನೆಗಳವರೆಲ್ಲ ಅಲ್ಲಿದ್ದರು. ಸೊಂಟ ಮುರಿದಾಗ ಇವನ ಕೈಯಲ್ಲಿ ಗಂಜಿ ಕುಡಿದವರಿದ್ದರು. ನಾನು ಬೇಡ ಎಂದೆ. ಹೆಂಡತಿಯ ಅಕ್ಕನ ಮಾತನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಮಿಕ್ಕವರೆಲ್ಲ ನೆಲ ನೋಡುತ್ತಾ ಕೂತರು.

ಪಾಲಕರ ಮನೆ ಬಿಡುವ ದಿನ ಸಾಮಾನು ಸಾಗಿಸಲು ಒಂದು ಸಣ್ಣ ಲಾರಿ ಮಾಡಿದ್ದೆವು. ಜೆಪಾರಾದಲ್ಲಿ ಹಳೆಯ ಮಾಲೀಕ ಮತ್ತೆ ಕೆಲಸ ಕೊಟ್ಟಿದ್ದ, ಮತ್ತೆ ಕುರ್ಚಿಯ ಕಾಲು, ಮತ್ತೆ ಉಪ್ಪುಕಾಗದ. ಮಂಚ ಏರಿಸುವ ಹೊತ್ತಿಗೆ ಪಾಕ್ ಗಿರಿ ಬಂದರು, ಕೈಯಲ್ಲಿ ಒಂದು ಪೊಟ್ಟಣ ಹಣ್ಣು. ಕಣ್ಣು ಕೆಂಪಾಗಿತ್ತು. ಅತ್ತಿದ್ದರೂ ಅತ್ತಿರಬಹುದು, ಅಂಥವರು ನಿಜವಾಗಿಯೇ ಅಳುತ್ತಾರೆ.

"ದಿಕ್, ನನ್ನ ಮೇಲೆ ಬೇಜಾರು ಇಟ್ಕೋಬೇಡ. ಹೊರಡೋ ಮುಂಚೆ ನಿನಗೋಸ್ಕರ ಒಂದು ಪ್ರಾರ್ಥನೆ ಮಾಡ್ತೀನಿ" ಎಂದರು.

ಮರ್ಯೋಟೊ ಹಗ್ಗ ಬಿಗಿಯುತ್ತಿದ್ದವನು ನಿಲ್ಲಿಸಿದ. ಅವನು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ, ಅವತ್ತೂ ಜೋರು ಮಾಡಲಿಲ್ಲ. "ಬೇಡ ಮಾಸ್. ನೀವು ದೇವರಿಗೆ ಹೇಳಿದ್ದು ಊರಿಗೆಲ್ಲ ಕೇಳಿಸುತ್ತೆ. ನಾನು ಹೇಳಿದ್ದು ಮಾತ್ರ ನಿಮಗೆ ಕೇಳಿಸಲೇ ಇಲ್ಲ."

ಅವರು ಹಣ್ಣಿನ ಪೊಟ್ಟಣವನ್ನು ಲಾರಿಯ ಮೇಲಿಟ್ಟರು. ಬೇಲಿಯ ಆಚೆ ಅಕ್ಕಪಕ್ಕದವರು ಸೇರಿದ್ದರು. ಅವರನ್ನು ಕಂಡದ್ದೇ ಪಾಕ್ ಗಿರಿಯ ಕಣ್ಣು ತಾನಾಗಿ ಮುಚ್ಚಿತು, ಕೈ ಎದ್ದಿತು, ಆ ಜೇನಿನ ದನಿ ಹೊರಟಿತು. "ತಂದೆಯೇ, ದಾರಿ ತಪ್ಪಿದ ನಮ್ಮ ಸಹೋದರನನ್ನು..." ಬೇಲಿಯ ಆಚೆ ತಲೆಗಳು ಒಂದೊಂದಾಗಿ ಬಾಗಿದವು. ಲಾರಿಯವನು ಮುಸಲ್ಮಾನ, ಅವನೂ ಮರ್ಯಾದೆಗೆ ಸಿಗರೇಟು ಕೆಳಗೆ ಹಾಕಿದ. ಮರ್ಯೋಟೊ ತಲೆ ಎತ್ತಿಕೊಂಡೇ ನಿಂತಿದ್ದ. ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ತೆರೆದಿದ್ದವರು ಅವನೂ ನಾನೂ ಇಬ್ಬರೇ.

ಕೊನೆಗೆ ಎಲ್ಲರೂ ಆಮೆನ್ ಎಂದರು. ಹುಟ್ಟಿದಾರಭ್ಯದ ಅಭ್ಯಾಸ, ನನ್ನ ತಂಗಿಯ ಬಾಯಿಂದಲೂ ಬಂದುಬಿಟ್ಟಿತು. ಮರ್ಯೋಟೊ ಅವಳನ್ನೊಮ್ಮೆ ನೋಡಿ, ಲಾರಿ ಹತ್ತಿ ಕೂತ.